ಅಜ್ಜಿಕಲ್ಲಿನ ಕುತ್ತಿಗೆವರೆಗೆ ನೀರು

ಹಳ್ಳ ಬಂದಿದೆ ಎಂದು ಅಣ್ಣನ ಫೋನು ಬಂದಾಗ ಕನ್ನಡಕದಕ್ಕ ಒಬ್ಬ ಗಿರಾಕಿಯ ಮೂಗಿನ ಮೇಲೆ ಹೊಸ ಚೌಕಟ್ಟು ಕೂರಿಸುತ್ತಿದ್ದಳು. ಗಿರಾಕಿಯ ಎಡಗಿವಿ ಬಲಗಿವಿಗಿಂತ ಕೂದಲೆಳೆಯಷ್ಟು ಮೇಲಿತ್ತು. ಯಾವ ಕನ್ನಡಕ ಹಾಕಿದರೂ ಒಂದು ಬದಿಗೆ ವಾಲುತ್ತಿತ್ತು. ಹಿಂದಿನ ಅಂಗಡಿಯವರು ನಿಮ್ಮ ಮುಖವೇ ಸೊಟ್ಟಗಿದೆ ಎಂದಿದ್ದರಂತೆ. ಅವಳು ಹಾಗೆನ್ನಲಿಲ್ಲ. ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಬಾಗಿಸಿ, ತಣಿಸಿ, ಮತ್ತೆ ಏರಿಸಿ ನೋಡಿದಳು. ಮುಖ ಸೊಟ್ಟಗಿದ್ದರೆ ಕಡ್ಡಿಯೂ ಅಷ್ಟೇ ಸೊಟ್ಟಗಿರಬೇಕು, ಆಗ ನೋಟ ನೆಟ್ಟಗಾಗುತ್ತದೆ. ಅವಳ ಕಸುಬಿನ ಅರ್ಧ ಗುಟ್ಟು ಇಷ್ಟೇ.

ಫೋನಿನಲ್ಲಿ ಅಣ್ಣ ಹೇಳಿದ್ದು ಎರಡೇ ಮಾತು. ಹಳ್ಳ ಬಂದಿದೆ, ಗಾಡಿ ಓಡಿಸೋಕೆ ಬಾ.

ಹಳ್ಳವೆಂದರೆ ಊರ ಹಿಂದಿನ ಬೆಟ್ಟದಿಂದ ಇಳಿಯುವ ಸಣ್ಣ ಹಳ್ಳ. ವರ್ಷದ ಬಹುಪಾಲು ಅದರಲ್ಲಿ ಕಲ್ಲುಗಳೂ, ಕಲ್ಲುಗಳ ನಡುವೆ ಪಾದ ನೆನೆಯುವಷ್ಟು ನೀರೂ ಬಿಟ್ಟರೆ ಬೇರೇನೂ ಇರುವುದಿಲ್ಲ. ಬೆಟ್ಟ ಕಡಿದಾದದ್ದು, ಮೇಲಿನ ಮಣ್ಣು ತೆಳು. ಬಿದ್ದ ಮಳೆಯನ್ನು ಇಟ್ಟುಕೊಳ್ಳಲು ಅದಕ್ಕೆ ಜೇಬೇ ಇಲ್ಲ. ಹಾಗಾಗಿ ಮೇಲೆ ಒಂದೇ ಸಮನೆ ಮಳೆ ಹೊಡೆದರೆ ಹಳ್ಳ ಕೆಲವು ಗಂಟೆಗಳ ಮಟ್ಟಿಗೆ ನದಿಯಾಗುತ್ತದೆ. ಮಳೆ ನಿಂತರೆ ಬಂದಷ್ಟೇ ಬೇಗ ಮತ್ತೆ ಕಲ್ಲಾಗುತ್ತದೆ. ಆ ಕೆಲವು ಗಂಟೆಗಳಿಗಾಗಿ ಊರಿನಲ್ಲಿ ಮೂವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದರು. ಲಿಫ್ಟ್ ರಿಪೇರಿ ಮಾಡುವ ಅಣ್ಣ, ಅವನ ಗೆಳೆಯ ಪ್ಲಂಬರ್, ಮತ್ತು ಕನ್ನಡಕದಕ್ಕ. ಒಬ್ಬರೇ ಕಾಲು ಚಾಚಿ ಕೂರುವ, ಸೊಂಟದ ಸುತ್ತ ರಬ್ಬರಿನ ಮುಚ್ಚಳ ಬಿಗಿದುಕೊಳ್ಳುವ ಗಿಡ್ಡ ಕಯಾಕುಗಳನ್ನು ಗಾಡಿಯ ನೆತ್ತಿಗೆ ಕಟ್ಟಿ ಬೆಟ್ಟ ಹತ್ತುವುದು, ಹಳ್ಳದ ಜೊತೆಗೇ ಇಳಿಯುವುದು. ಇದರಿಂದ ಏನು ಬರುತ್ತದೆ ಎಂದು ಅಮ್ಮ ಕೇಳುತ್ತಲೇ ಇದ್ದಳು. ಏನೂ ಬರುವುದಿಲ್ಲ ಎಂದು ಮಕ್ಕಳಿಬ್ಬರೂ ಒಂದೇ ಬಾಯಲ್ಲಿ ಹೇಳುತ್ತಲೇ ಇದ್ದರು. ಅಣ್ಣ ತಂಗಿ ಬೇರೆ ಯಾವ ವಿಷಯದಲ್ಲೂ ಅಷ್ಟು ಒಮ್ಮತ ತೋರಿಸಿದ್ದಿಲ್ಲ.

ಹೋದ ಮಳೆಗಾಲದಲ್ಲಿ ಆ ಒಮ್ಮತ ಮುರಿಯಿತು. ಹಳ್ಳ ಬಂಡೆಯಿಂದ ಧುಮುಕುವ ದೊಡ್ಡ ಬೀಳಿನ ಬುಡದಲ್ಲಿ ಅವಳ ಬಲಭುಜ ಕಳಚಿತು. ಅಣ್ಣ ಆ ಕೈಯನ್ನು ಅವಳ ಎದೆಗೇ ಬಿಗಿದು ಕಟ್ಟಿ, ಕಾಡಿನ ಇಳಿಜಾರಿನಲ್ಲಿ ನಡೆಸಿಕೊಂಡು ಆಸ್ಪತ್ರೆ ತಲುಪಿಸಿದ. ಅಲ್ಲಿನ ಬೆಂಚಿನ ಮೇಲೆ ಕೂತು ಅಮ್ಮನಿಗೆ ಇವಳ ಹಳ್ಳದ ಸಹವಾಸ ಮುಗೀತು ಎಂದು ಹೇಳಿಯೂಬಿಟ್ಟ. ಅವಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನೋವಿನ ಮದ್ದಿನ ಮಂಪರಿನಲ್ಲಿ ಅವಳು ಹೂಂ ಎನ್ನುತ್ತಿದ್ದಳೋ ಏನೋ. ಒಮ್ಮೆ ಕಳಚಿದ ಕೀಲು ಸಡಿಲ ಬಾಗಿಲಿನ ಹಾಗೆ, ಗಾಳಿ ಬೀಸಿದಾಗಲೆಲ್ಲ ತೆರೆದುಕೊಳ್ಳುತ್ತದೆ ಎಂದು ಅಮ್ಮ ಬಂದವರಿಗೆಲ್ಲ ವಿವರಿಸಿದಳು. ಈ ಮಳೆಗಾಲದಲ್ಲಿ ಹಳ್ಳ ಬಂದಾಗಲೆಲ್ಲ ಅವಳಿಗೆ ಸಿಕ್ಕಿದ್ದು ಗಾಡಿಯ ಕೀಲಿಕೈ. ಅವರನ್ನು ಮೇಲೆ ಬಿಟ್ಟು, ದೊಡ್ಡ ಬೀಳಿನ ಬಳಿ ಹಗ್ಗ ಹಿಡಿದು ನಿಂತು, ಕೆಳಗೆ ಬಂದು ಕಾಯುವುದು, ಒದ್ದೆಯಾಗಿ ನಗುತ್ತ ಬಂದವರನ್ನು ಮನೆಗೆ ಮುಟ್ಟಿಸುವುದು. ಹಿಂದಿನ ಸೀಟಿನಿಂದ ಕೇಳುವ ಆ ನಗು ಭುಜದ ನೋವಿಗಿಂತ ಆಳಕ್ಕೆ ಇಳಿಯುತ್ತಿತ್ತು.

ಗಿರಾಕಿಗೆ ಕನ್ನಡಿ ಹಿಡಿದಳು. ಚೌಕಟ್ಟು ನೆಟ್ಟಗೆ ಕೂತಿತ್ತು. ಅವನನ್ನು ಕಳಿಸಿ, ಬಾಗಿಲಿಗೆ ಚಿಲಕ ಹಾಕಿ, ಮಹಡಿಯ ಮನೆಗೆ ಹೋಗುವ ಮೆಟ್ಟಿಲ ಕೆಳಗಿನ ಗೂಡಿನಿಂದ ತನ್ನ ಕಯಾಕನ್ನೂ ಹೆಲ್ಮೆಟ್ಟನ್ನೂ ಎಳೆದಳು. ಸದ್ದಿಗೆ ಅಮ್ಮ ಮೆಟ್ಟಿಲ ತುದಿಗೆ ಬಂದು ನಿಂತಳು.

"ಗಾಡಿ ಓಡಿಸೋಳಿಗೆ ಹೆಲ್ಮೆಟ್ ಯಾಕೆ?"

"ಅಣ್ಣ ಬೈತಾನಲ್ಲ, ತಲೆಗೆ ಪೆಟ್ಟಾಗದಿರಲಿ ಅಂತ."

ಅಮ್ಮ ನಗಲಿಲ್ಲ. ಮಗಳ ಬುದ್ಧಿ ಹಳ್ಳ ಹಿಡಿದು ವರ್ಷಗಳಾದವು, ಈಗ ಹೊಸದಾಗಿ ಹೇಳುವುದೇನು ಎಂದು ಗೊಣಗುತ್ತ ಒಳಗೆ ಹೋದಳು.

ಬೀದಿಯಲ್ಲಿ ಪ್ಲಂಬರನ ವ್ಯಾನು ನಿಂತಿತ್ತು. ಒಳಗೆ ಪೈಪಿನ ತುಂಡುಗಳು ಗಲಗಲ ಎನ್ನುತ್ತಿದ್ದವು, ಮೇಲೆ ಎರಡು ಕಯಾಕು ಕಟ್ಟಿದ್ದರು. ಅವಳು ಹೊತ್ತು ತಂದ ಮೂರನೆಯದನ್ನು ಅಣ್ಣ ನೋಡಿದ.

"ಇದ್ಯಾಕೆ, ಪುಟ್ಟಿ?"

"ಬಿಸಿಲಿಗೆ ಒಣಗಿಸೋಕೆ."

ಮಳೆ ಇಬ್ಬರ ಮೂಗಿನ ತುದಿಯಿಂದಲೂ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಕೆಮ್ಮುವ ನೆಪದಲ್ಲಿ ಆಚೆ ತಿರುಗಿದ. ಅಣ್ಣನಿಗೆ ಜಗಳಕ್ಕೆ ಹೊತ್ತಿರಲಿಲ್ಲ, ಹಳ್ಳ ಯಾರಿಗೂ ಕಾಯುವುದಿಲ್ಲ. ಕಟ್ಟು, ಆದರೆ ಬಿಚ್ಚೋ ಆಸೆ ಇಟ್ಕೋಬೇಡ ಎಂದು ಹೇಳಿ ಮುಂದಿನ ಸೀಟಿಗೆ ಹತ್ತಿದ. ಅವಳು ಸ್ಟಿಯರಿಂಗ್ ಹಿಡಿದಳು.

ಬೆಟ್ಟದ ದಾರಿ ಹಳ್ಳವನ್ನು ಒಂದು ಸೇತುವೆಯ ಮೇಲೆ ದಾಟುತ್ತದೆ. ಮೂವರೂ ಮೊದಲು ನಿಲ್ಲುತ್ತಿದ್ದುದು ಅಲ್ಲಿ. ಸೇತುವೆಯ ಮೇಲುಗಡೆ, ಹಳ್ಳ ಬರುವ ದಿಕ್ಕಿನಲ್ಲಿ, ನೀರಿನ ನಡುವೆ, ಕೂತು ಕಾಲು ಚಾಚಿದ ಮುದುಕಿಯಂತೆ ಕಾಣುವ ಒಂದು ಕಲ್ಲಿದೆ. ಅವರು ಅದನ್ನು ಅಜ್ಜಿಕಲ್ಲು ಎನ್ನುತ್ತಿದ್ದರು. ಅಜ್ಜಿಯ ಪಾದ ಮಾತ್ರ ಮುಳುಗಿದ್ದರೆ ನೀರು ಸಾಲದು, ಕಯಾಕಿನ ತಳ ಕಲ್ಲಿಗೆ ಉಜ್ಜುತ್ತದೆ. ಮಡಿಲು ತುಂಬಿದ್ದರೆ ಇಳಿಯಬಹುದು. ಎದೆ ಮುಟ್ಟಿದರೆ ಮೈಯೆಲ್ಲ ಕಣ್ಣಾಗಿ ಇಳಿಯಬೇಕು. ಕುತ್ತಿಗೆಗೆ ಬಂದರೆ ಗಾಡಿ ತಿರುಗಿಸಬೇಕು. ಈ ಲೆಕ್ಕ ಕಟ್ಟಿದ್ದು ಅಣ್ಣ. ಹೊರೆ ಮೀರಿದೊಡನೆ ಗಂಟೆ ಬಾರಿಸುವ ಯಂತ್ರಗಳ ಜೊತೆಗೇ ಬಾಳಿ ಅವನಿಗೂ ಅದೇ ಗುಣ ಬಂದಿತ್ತು. ಮಿತಿಯೆಂದರೆ ಮಿತಿ, ಚರ್ಚೆಯಿಲ್ಲ. ಆ ಗುಣ ಅವರನ್ನು ಇಷ್ಟು ವರ್ಷ ಜೀವಂತ ಇಟ್ಟಿತ್ತೆಂಬುದನ್ನು ಅವಳೂ ಅಲ್ಲಗಳೆಯುವವಳಲ್ಲ.

ಸೇತುವೆಯನ್ನು ಅಗಲ ಮಾಡುವ ಕೆಲಸ ಹೊಸದಾಗಿ ಶುರುವಾಗಿತ್ತು. ಈಚೆ ಬದಿಯಲ್ಲಿ ಯಂತ್ರಗಳು ನಿಂತಿದ್ದರಿಂದ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ಅವಳು ಅಣ್ಣನನ್ನೂ ಪ್ಲಂಬರನನ್ನೂ ಅಲ್ಲೇ ಇಳಿಸಿ, ಸೇತುವೆ ದಾಟಿ ಆಚೆ ನಿಲ್ಲಿಸಿ, ನಡೆದು ಬಂದಳು. ಬರುವಾಗ ನೀರು ಹೋಗುವ ಕೆಳಗಡೆಯ ಕಂಬಿಯ ಪಕ್ಕದಲ್ಲಿ ಬಂದಳು. ಅಣ್ಣ ಮೇಲುಗಡೆಯ ಕಂಬಿಗೆ ಒರಗಿದ್ದ.

"ಕುತ್ತಿಗೆ," ಎಂದ. "ವಾಪಸ್."

ಅವಳೂ ಬಗ್ಗಿ ನೋಡಿದಳು. ನಿಜ, ಅಜ್ಜಿಯ ಕುತ್ತಿಗೆವರೆಗೂ ಕಂದು ನೀರು. ಪ್ಲಂಬರ್ ಆಗಲೇ ಮುಖ ಸಪ್ಪಗೆ ಮಾಡಿಕೊಂಡು, ಬಿಟ್ಟು ಬಂದ ಕೆಲಸದ ಮನೆಯಾಕೆಗೆ ಏನು ಸಬೂಬು ಹೇಳುವುದೆಂದು ಯೋಚಿಸುತ್ತಿದ್ದ. ಆದರೆ ಅವಳಿಗೆ ಏನೋ ಸರಿಹೋಗಲಿಲ್ಲ. ಅಷ್ಟು ನೀರಿನಲ್ಲಿ ಅಜ್ಜಿಯ ಸುತ್ತ ನೊರೆ ಏಳಬೇಕು, ಕಲ್ಲಿನ ಬೆನ್ನ ಹಿಂದೆ ಗುಂಡಿ ಬೀಳಬೇಕು, ಸೇತುವೆಯ ಕಂಬಿ ಕೈಯಲ್ಲಿ ಗುಂಯ್‌ಗುಡಬೇಕು. ಇಲ್ಲಿ ಅಜ್ಜಿ ಕೆರೆಯಲ್ಲಿ ಸ್ನಾನಕ್ಕೆ ಕೂತಂತೆ ಕೂತಿದ್ದಳು. ಒಂದು ಒಣಗಿದ ಎಲೆ ಅವಳ ಗಲ್ಲದ ಬಳಿ ಬಂದು, ಎತ್ತ ಹೋಗಲಿ ಎಂದು ಕೇಳುವಂತೆ ನಿಧಾನ ತಿರುಗಿತು.

"ಅಣ್ಣ, ಕಲ್ಲು ನೋಡಬೇಡ. ನೀರು ನೋಡು."

ಕೆಳಗಡೆಗೆ ಕರೆದೊಯ್ದು ತೋರಿಸಿದಳು. ಹೊಸ ಕಂಬಕ್ಕಾಗಿ ಅಗೆದ ಕಲ್ಲು ಮಣ್ಣನ್ನೆಲ್ಲ ಕೆಲಸದವರು ಹಳ್ಳಕ್ಕೇ ದೂಡಿದ್ದರು. ಅದರ ಮೇಲೆ ಮರದ ಕಂಬಗಳು, ಕಂಬಗಳಿಗೆ ಸಿಕ್ಕಿಕೊಂಡ ಕೊಂಬೆ ರೆಂಬೆ. ನೀರು ಹೊಸ್ತಿಲು ದಾಟುವಂತೆ ಅದರ ಮೇಲಿಂದ ಹರಿಯುತ್ತಿತ್ತು. ಯಾರೂ ಕಟ್ಟಬೇಕೆಂದು ಕಟ್ಟದ ಒಂದು ಒಡ್ಡು ಅದು. ಮೇಲೆ ಅಜ್ಜಿ ಮುಳುಗಿದ್ದು ನೀರು ಹೆಚ್ಚಾಗಿ ಬಂದದ್ದರಿಂದಲ್ಲ, ಬಂದ ನೀರು ಹೋಗಲಾರದೆ ನಿಂತದ್ದರಿಂದ. ಮಟ್ಟ ಬೇರೆ, ಹರಿವು ಬೇರೆ. ಇಷ್ಟು ವರ್ಷ ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿದ್ದುದರಿಂದ ಒಂದನ್ನು ನೋಡಿ ಇನ್ನೊಂದನ್ನು ಹೇಳುವ ಅಭ್ಯಾಸ ಮೂವರಿಗೂ ಅಂಟಿಕೊಂಡಿತ್ತು. ಗಾಡಿ ಈಚೆಯೇ ನಿಲ್ಲಿಸಿದ್ದರೆ ಅವಳೂ ಕುತ್ತಿಗೆ ಎಂದು ಹೇಳಿ ತಿರುಗುತ್ತಿದ್ದಳು.

ಅಣ್ಣ ಕಂಬಿಯ ಮೇಲೆ ಬಗ್ಗಿ ನೋಡಿದ. ಆಮೇಲೆ ಹೇಳಿದ, "ನಿನಗೆ ಇಳೀಬೇಕು ಅಂತಿದೆ. ಅದಕ್ಕೇ ನಿನಗೆ ಹಾಗೆ ಕಾಣ್ತಿದೆ."

ಆ ಮಾತು ಅವಳಿಗೆ ನಾಟಿತು, ಅದರಲ್ಲಿ ನಿಜವಿತ್ತು. ಕನ್ನಡಕ ಬೇಡ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಬಂದ ಗಿರಾಕಿಗಳು ಗೋಡೆಯ ಕೊನೆಯ ಸಾಲನ್ನೂ ಓದಿಬಿಡುತ್ತಾರೆ. ಸುಳ್ಳು ಹೇಳುವುದಿಲ್ಲ, ಮಸುಕಾದ ಅಕ್ಷರ ಅವರಿಗೆ ಬೇಕಾದ ಅಕ್ಷರವಾಗಿ ಕಾಣುತ್ತದೆ ಅಷ್ಟೆ. ಅಂಥವರ ಮುಂದೆ ಅವಳು ವಾದಿಸುತ್ತಿರಲಿಲ್ಲ, ಅಕ್ಷರದ ಹಲಗೆಯನ್ನೇ ಬದಲಿಸುತ್ತಿದ್ದಳು.

ಹಾಗಾದರೆ ಬೇರೆ ಕಡೆ ನೋಡೋಣ ಎಂದಳು. ಮೇಲಿನ ತಿರುವಿನಲ್ಲಿ ಹಳ್ಳ ಎರಡು ಕಲ್ಲುಗೋಡೆಗಳ ನಡುವೆ ನುಗ್ಗುವ ಜಾಗವಿದೆ, ಈ ನಿಂತ ನೀರು ಅಲ್ಲಿಗೆ ಮುಟ್ಟುವುದಿಲ್ಲ. ಅಲ್ಲಿ ಗೋಡೆಯಿಂದ ಒಂದು ಮರದ ಬೇರು ಹೊರಗೆ ಚಾಚಿದೆ. ಅಜ್ಜಿಯ ಮಡಿಲು ತುಂಬಿದ ದಿನಗಳಲ್ಲಿ ಆ ಬೇರಿನ ಕೆಳಗೆ ತಲೆ ತಗ್ಗಿಸದೆಯೇ ಹಾಯುತ್ತಿದ್ದರು, ಎದೆ ಮುಟ್ಟಿದ ದಿನ ಹೆಲ್ಮೆಟ್ಟು ಬೇರಿಗೆ ತಾಗುತ್ತಿತ್ತು. ಅದು ಮೂವರಿಗೂ ಗೊತ್ತು. ಏನನ್ನು ಕಂಡರೆ ಏನು ಮಾಡುವುದೆಂದು ಹೋಗುವ ಮೊದಲೇ ಒಪ್ಪಂದ ಮಾಡಿಕೊಳ್ಳೋಣ ಎಂದಳು. ಬೇರಿಗೂ ನೀರಿಗೂ ನಡುವೆ ಕೂತ ಮನುಷ್ಯನ ಎತ್ತರ ಇಲ್ಲದಿದ್ದರೆ ಅವಳೇ ಗಾಡಿ ತಿರುಗಿಸುತ್ತಾಳೆ, ತುಟಿ ಎರಡು ಮಾಡುವುದಿಲ್ಲ.

ಜಾರುವ ಕಾಲುದಾರಿಯಲ್ಲಿ ಮೂವರೂ ಹೋದರು. ಬೇರಿನ ಕೆಳಗೆ ಕೂತ ಮನುಷ್ಯನಿಗೆ ಬೇಕಾದಷ್ಟು ಜಾಗವಿತ್ತು, ಜೊತೆಗೆ ಒಂದು ಗೇಣು ಹೆಚ್ಚಿಗೆ. ಮಡಿಲಿನ ನೀರು. ಒಳ್ಳೆಯ ನೀರು.

ಪ್ಲಂಬರ್ ತಲೆದೂಗಿದ. "ಸಿಂಕಿನ ಕೆಳಗೆ ಪೈಪು ಕಟ್ಟಿದ್ರೆ ಮೇಲೆ ಸಿಂಕು ತುಂಬುತ್ತೆ, ಅಣ್ಣ. ಅದಕ್ಕೆ ನಲ್ಲಿ ಜೋರಾಗಿದೆ ಅಂತಲ್ಲ. ದಿನಾ ಇದನ್ನೇ ಊರಿಗೆಲ್ಲ ಹೇಳೋನು ನಾನು. ಇಲ್ಲಿ ಬಂದು ನನ್ನ ತಲೆಗೇ ಹೊಳೀಲಿಲ್ಲ ನೋಡು."

ಅಣ್ಣ ಮೊಂಡನಲ್ಲ. ಕಣ್ಣೆದುರಿಗೆ ಇಟ್ಟದ್ದನ್ನು ಒಪ್ಪದೆ ಇರುವ ಜಾಯಮಾನ ಅವನದಲ್ಲ. ಬೇರನ್ನು ನೋಡಿದ, ನೀರನ್ನು ನೋಡಿದ, ಕೊನೆಗೆ ತಂಗಿಯ ಬಲಭುಜವನ್ನು ನೋಡಿದ.

"ನೀರು ಸರಿ ಇದೆ. ಒಪ್ಪಿದೆ. ಆದ್ರೆ ನೀನಿಲ್ಲ."

ಅವಳಿಗೆ ಇದು ಬರುತ್ತದೆಂದು ಗೊತ್ತಿತ್ತು. ನಾವಿಬ್ಬರೂ ಇಳಿಯುತ್ತೇವೆ, ನೀನು ಎಂದಿನಂತೆ ಹಗ್ಗ ಹಿಡಿದು ಕೆಳಗೆ ಗಾಡಿ ತಾ ಎಂದ ಅಣ್ಣ. ತಾನೂ ಇಳಿಯುತ್ತೇನೆ ಎಂದಳು ಅವಳು. ಹಾಗಾದರೆ ತಾನು ಬರುವುದೇ ಇಲ್ಲ ಎಂದ ಅವನು. ದೊಡ್ಡ ಬೀಳಿನ ಬುಡದಲ್ಲಿ, ನೀರಿಗೆ ಬಿದ್ದವರಿಗೆ ಎಸೆಯಲು ಹಗ್ಗ ಹಿಡಿದು ಒಬ್ಬರು ನಿಲ್ಲದೆ ಯಾರೂ ಇಳಿಯಬಾರದೆಂಬುದು ಅವರ ಕಟ್ಟಳೆ. ಇಳಿಯುವವರು ಒಬ್ಬಂಟಿಯಾಗಿಯೂ ಇರಬಾರದು, ಹಾಗಾಗಿ ಹಗ್ಗಕ್ಕೆ ಮೂರನೆಯವರು ಬೇಕೇ ಬೇಕು. ತಾನು ಹಿಂದೆ ಸರಿದರೆ ಅವಳ ದಾರಿ ತಾನಾಗಿ ಮುಚ್ಚುತ್ತದೆ, ಕೈ ಅಡ್ಡ ಹಿಡಿಯುವ ಶ್ರಮವೂ ಇಲ್ಲ ಎಂಬುದು ಅವನ ಲೆಕ್ಕ.

"ಸರಿ," ಎಂದಳು ಅವಳು. ಗಾಡಿಯ ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. "ನಮ್ಮನ್ನ ಮೇಲೆ ಬಿಟ್ಟು ಬಾ. ಕಾಲುದಾರೀಲಿ ಬೀಳಿನ ಹತ್ರ ಬಂದು ಹಗ್ಗ ಹಿಡ್ಕೊಂಡು ನಿಂತ್ಕೋ. ನಿನಗಿಂತ ಚೆನ್ನಾಗಿ ಹಗ್ಗ ಎಸೆಯೋರು ಈ ಊರಲ್ಲಿಲ್ಲ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗಿ, ನಡುವೆ ಸಿಕ್ಕ ಪ್ಲಂಬರ್ ಇಬ್ಬರ ಮುಖವನ್ನೂ ಸರದಿಯಂತೆ ನೋಡಿದ. ಅಣ್ಣ ಅವನತ್ತ ತಿರುಗಿ, ನೀನೇನಂತೀಯ ಎಂದು ಕೇಳಿದ. ಪ್ಲಂಬರ್ ಗಡ್ಡ ಕೆರೆದುಕೊಂಡ. ಬೇರೆಯವರ ಮನೆಯ ಜಗಳದಲ್ಲಿ ಮೂಗು ತೂರಿಸುವವನು ತಾನಲ್ಲ ಎಂದ. ಆದರೆ ಅಕ್ಕ ವರ್ಷವಿಡೀ ಈಜುಕೊಳದಲ್ಲಿ, ಗಾಳಿಚೀಲ ಕಟ್ಟಿಕೊಂಡ ಮಕ್ಕಳ ನಡುವೆ, ಕಯಾಕು ಮಗುಚಿದಾಗ ಒಳಗಿದ್ದೇ ಮತ್ತೆ ಏಳುವುದನ್ನು ಹೊಸದಾಗಿ ಕಲಿತದ್ದನ್ನು ಅಲ್ಲಿನ ಪೈಪು ರಿಪೇರಿಗೆ ಹೋದಾಗ ಕಂಡಿದ್ದೇನೆ, ಮಕ್ಕಳೆಲ್ಲ ಎಣಿಸುತ್ತ ಚಪ್ಪಾಳೆ ತಟ್ಟುತ್ತಿದ್ದವು ಎಂದ. ಅವನು ನೋಡಿದ್ದು ಅವಳಿಗೂ ಹೊಸ ಸುದ್ದಿ. ಆ ಕೊಳದ ನೀರಿನಿಂದ ಕಣ್ಣು ಕೆಂಪಾಗಿಸಿಕೊಂಡು ಬಂದು ಮನೆಯಲ್ಲಿ ಈರುಳ್ಳಿಯ ನೆಪ ಹೇಳುತ್ತಿದ್ದ ಅವಳು, ಯಾರಿಗೂ ತಿಳಿದಿಲ್ಲವೆಂದೇ ನಂಬಿದ್ದಳು.

"ನಾನು ಅಕ್ಕನ ಜೊತೆ ಇಳೀತೀನಿ," ಎಂದ ಪ್ಲಂಬರ್. "ನೀನು ಹಗ್ಗ ಹಿಡಿ, ಅಣ್ಣ. ಹೊತ್ತು ಹೋಗ್ತಿದೆ."

ಮೇಲೆ, ಹಳೆಯ ಕಲ್ಲುಗಣಿಯ ಬಳಿ, ಅಣ್ಣ ಕಯಾಕುಗಳ ಕಟ್ಟು ಬಿಚ್ಚಿದ. ಅವಳದನ್ನು ಬಿಚ್ಚುವಾಗ ಕೈ ಒಂದು ಗಳಿಗೆ ಗಂಟಿನ ಮೇಲೇ ನಿಂತಿತು, ಆಮೇಲೆ ಬಿಚ್ಚಿತು.

ಕಯಾಕಿನೊಳಗೆ ಕೂತು ರಬ್ಬರಿನ ಮುಚ್ಚಳವನ್ನು ಅಂಚಿಗೆ ಬಿಗಿದಾಗ ಅವಳ ಸೊಂಟದಿಂದ ಕೆಳಗಿನದೆಲ್ಲ ಪ್ಲಾಸ್ಟಿಕ್ಕಾಯಿತು. ಹಳ್ಳ ಅವಳನ್ನು ಎತ್ತಿಕೊಂಡಿತು. ಅದು ಅಗಲವಾದ ನದಿಯಲ್ಲ, ಯೋಚಿಸಲು ಜಾಗ ಕೊಡುವುದಿಲ್ಲ. ಎರಡು ಕಲ್ಲುಗಳ ನಡುವೆ ನುಗ್ಗು, ಮೂರನೆಯದರ ಬೆನ್ನಿಗೆ ತಿರುಗು, ಅಲ್ಲಿ ಹಿಂದಕ್ಕೆ ಸುತ್ತುವ ನೀರಿನಲ್ಲಿ ಮೂಗು ತೂರಿಸಿ ನಿಲ್ಲು, ಉಸಿರು ತೆಗೆದುಕೋ, ಕೆಳಗೆ ನೋಡು. ಮತ್ತೆ ನುಗ್ಗು. ಅವಳ ಬಲಮೊಣಕೈ ಪಕ್ಕೆಗೆ ಅಂಟಿಕೊಂಡೇ ಇತ್ತು. ಭುಜ ಕಳಚಿದ್ದು ಬೀಳಿನಿಂದಲ್ಲ, ಗಾಬರಿಯಲ್ಲಿ ಕೈಯನ್ನು ತಲೆಗಿಂತ ಮೇಲೆತ್ತಿ ಹುಟ್ಟನ್ನು ನೀರಿಗೆ ಚುಚ್ಚಿದ್ದರಿಂದ ಎಂದು ಅವಳು ಎಷ್ಟೋ ಸಂಜೆ ಕೂತು ಬಿಡಿಸಿಕೊಂಡಿದ್ದಳು. ಉದ್ದದ ಸನ್ನೆಗೋಲು, ಸಣ್ಣ ಕೀಲು, ತುದಿಯಲ್ಲಿ ಇಡೀ ಹಳ್ಳದ ತೂಕ. ಯಾವ ಭುಜವಾದರೂ ಕಳಚಲೇಬೇಕು. ಅಂಗಡಿಯ ಬಾಗಿಲ ಹಿಡಿಕೆಗೆ ರಬ್ಬರಿನ ಪಟ್ಟಿ ಕಟ್ಟಿ, ಗಿರಾಕಿಗಳ ನಡುವಿನ ಬಿಡುವಿನಲ್ಲೆಲ್ಲ ಎಳೆದೂ ಎಳೆದೂ ಕೈಗೆ ಒಂದೇ ಪಾಠ ಕಲಿಸಿದ್ದಳು. ಏನೇ ಬರಲಿ, ಮೊಣಕೈ ಮನೆ ಬಿಟ್ಟು ಹೋಗಬಾರದು.

ಪ್ಲಂಬರ್ ಮುಂದೆ ಹೋಗಿ, ಒಂದೊಂದು ಕಲ್ಲಿನ ಹಿಂದೆ ನಿಂತು ಹುಟ್ಟೆತ್ತಿ ದಾರಿ ತೋರಿಸುತ್ತಿದ್ದ. ಒಮ್ಮೆ ಎಡಕ್ಕೆಂದು ತೋರಿಸಿ ತಾನೇ ಬಲಕ್ಕೆ ಹೋಗಿ ಕಲ್ಲಿನ ಮೇಲೆ ಕೂತುಬಿಟ್ಟ, ಅಂಗಡಿಯ ಕಪಾಟಿನಲ್ಲಿಟ್ಟ ಗೊಂಬೆಯಂತೆ. ಅವಳು ಪಕ್ಕದಲ್ಲೇ ಜಾರಿ ಹೋಗುತ್ತ ನಕ್ಕಳು. ಎಷ್ಟೋ ಕಾಲದ ಮೇಲೆ ಆ ಒದ್ದೆ ನಗು ಅವಳ ಬಾಯಿಂದಲೇ ಬಂತು. ಬೇರಿನ ಕೆಳಗೆ ತಲೆ ತಗ್ಗಿಸದೆ ಹಾಯುವ ಆ ತಿರುವು ಇನ್ನೂ ದೂರವಿತ್ತು, ಅದಕ್ಕೂ ಮೊದಲು ದೊಡ್ಡ ಬೀಳು.

ಅದಕ್ಕೆ ಅಂಚೆಪೆಟ್ಟಿಗೆ ಎಂದು ಹೆಸರಿಟ್ಟವನು ಪ್ಲಂಬರ್. ಎರಡು ಬಂಡೆಗಳು ಒಂದಕ್ಕೊಂದು ಒರಗಿ, ನಡುವೆ ಒಂದು ಸೀಳು ಉಳಿದಿದೆ. ಹಳ್ಳದ ನೀರೆಲ್ಲ ಆ ಸೀಳಿನಲ್ಲಿ ನುಗ್ಗಿ ಎರಡಾಳೆತ್ತರದಿಂದ ಬೀಳುತ್ತದೆ. ತನ್ನನ್ನು ತಾನೇ ಕಾಗದದಂತೆ ನೇರವಾಗಿ ಹಾಕಿಕೊಳ್ಳಬೇಕು, ಅಡ್ಡವಾದರೆ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ಕಯಾಕಿನಿಂದಿಳಿದು ಅವಳು ಬಂಡೆಯ ಅಂಚಿಗೆ ಹೋಗಿ ನಿಂತಳು. ನೀರು ಬೀಳಿನ ತುಟಿಯಲ್ಲಿ, ಧುಮುಕುವ ಅಂಚಿನ ಬಳಿ, ಬಲಕ್ಕೆ ಎಳೆಯುತ್ತಿತ್ತು. ಬಲಕ್ಕೆ ಹೋದರೆ ಗೋಡೆ. ಎಡದಿಂದ ಬಂದು, ತುಟಿಯಲ್ಲಿ ಒಂದೇ ಒಂದು ಉದ್ದ ಎಳೆತ, ಆಮೇಲೆ ಮೈ ಮುಂದೆ ಬಾಗಿಸಿ ಕೈಗಳನ್ನು ಮಡಿಸಿಟ್ಟು ಬೀಳುವುದು. ಕಾಣುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು.

ಅಣ್ಣ ಕೆಳಗಿನ ಬಂಡೆಯಿಂದ ಹತ್ತಿ ಬಂದ. ಹಗ್ಗದ ಚೀಲ ಕೈಯಲ್ಲಿತ್ತು. ಬೀಳಿನ ಸದ್ದಿನಲ್ಲಿ ಮಾತು ಕೇಳಬೇಕಾದರೆ ಕಿವಿಯ ಹತ್ತಿರ ಬಾಯಿಡಬೇಕು.

"ಇಲ್ಲಿವರೆಗೂ ಚೆನ್ನಾಗಿ ಬಂದೆ. ನೋಡಿದೆ. ಇದನ್ನ ನಡೆದು ದಾಟು."

"ನಡೆಯೋರನ್ನ ಯಾಕೆ ಅಂತ ಕೇಳಬಾರದು, ಇಳಿಯೋರನ್ನ ಬೇಡ ಅನ್ನಬಾರದು. ನನಗೆ ಇದನ್ನ ಹೇಳಿಕೊಟ್ಟೋನು ನೀನು."

"ನಿನ್ನ ಕೈ ಕಳಚಿದ್ದನ್ನ ನೋಡಿದೋನೂ ನಾನೇ. ನೀನು ನೋಡಿಲ್ಲ, ಪುಟ್ಟಿ, ನೀನು ಕಣ್ಣು ಮುಚ್ಚಿದ್ದೆ. ಬೇರೆ ಯಾರದೋ ಕೈ ನಿನಗೆ ನೇತುಹಾಕಿದ ಹಾಗಿತ್ತು. ಈಗಲೂ ಲಿಫ್ಟಿನ ತಂತಿ ಕಿರ್ ಅಂದ್ರೆ ಅದೇ ನೆನಪಾಗಿ ನಾನು ಎರಡು ನಿಮಿಷ ಗೋಡೆ ಹಿಡ್ಕೊಂಡು ನಿಲ್ತೀನಿ."

ಅವನು ಇದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ ಹೇಳಿರಲಾರ. ಅವಳು ಅವನ ಮುಖ ನೋಡಿದಳು. ಮಳೆಯಲ್ಲಿ ನೆನೆದ ಆ ಮುಖದಲ್ಲಿ ತನ್ನನ್ನು ತಡೆಯುವವನಿಗಿಂತ ಹೆಚ್ಚಾಗಿ, ಮಹಡಿಗಳ ನಡುವೆ ಸಿಕ್ಕಿಕೊಂಡವನೊಬ್ಬ ಕಂಡ. ಇನ್ನೊಂದು ಗಳಿಗೆ ನೋಡುತ್ತ ನಿಂತಿದ್ದರೆ ಅವಳು ಅವನಿಗಾಗಿ ನಡೆದುಬಿಡುತ್ತಿದ್ದಳು. ಅದು ಅವಳಿಗೆ ಸ್ಪಷ್ಟವಾಗಿ ತಿಳಿಯಿತು, ತಿಳಿದದ್ದರಿಂದಲೇ ಕಣ್ಣನ್ನು ನೀರಿನತ್ತ ತಿರುಗಿಸಿದಳು. ನಡೆಯುವುದರಲ್ಲಿ ಅವಮಾನವಿಲ್ಲ. ಎಷ್ಟೋ ಸಲ ನಡೆದಿದ್ದಳು. ಆದರೆ ನಡೆದಾಗಲೆಲ್ಲ ನೀರನ್ನು ನೋಡಿ ನಡೆದಿದ್ದಳು, ಮುಖಗಳನ್ನು ನೋಡಿ ಅಲ್ಲ.

"ಅದು ನಿನ್ನ ಹೆದರಿಕೆ, ಅಣ್ಣ. ಸುಳ್ಳು ಅನ್ನಲ್ಲ. ಆದ್ರೆ ಅದು ನಿನ್ನದು. ನನ್ನದು ನನ್ನ ಹತ್ರ ಬೇರೆ ಇದೆ, ಅದನ್ನ ಹೊತ್ಕೊಂಡೇ ಇಲ್ಲಿವರೆಗೂ ಬಂದಿದೀನಿ. ಎರಡನ್ನೂ ಹೊರೋಕೆ ನನ್ನ ಕೈಲಾಗಲ್ಲ."

"ಅಮ್ಮನಿಗೆ ನಾನೇನು ಹೇಳಲಿ?"

"ನೀನೇನೂ ಹೇಳ್ಬೇಡ. ಹೋದ ಸಲ ನನ್ನ ಪರವಾಗಿ ಹೇಳಿದ್ದೇ ಸಾಕು."

ಅಣ್ಣ ಹಗ್ಗದ ಚೀಲವನ್ನು ಹೆಗಲಿಗೆ ಏರಿಸಿದ. ಬಂಡೆಯಿಳಿದು ತನ್ನ ಜಾಗಕ್ಕೆ ಹೋದ. ಅಲ್ಲಿ ಕಾಲೂರಿ, ಚೀಲದ ಬಾಯಿ ಸಡಿಲಿಸಿ, ಹಗ್ಗದ ತುದಿಯನ್ನು ಅಂಗೈಗೆ ತಂದುಕೊಂಡ. ಆ ನಿಲುವಿನಲ್ಲಿ ಮುನಿಸಿರಲಿಲ್ಲ, ಕೆಲಸವಿತ್ತು. ಇಷ್ಟು ಸಾಕು ಎನ್ನಿಸಿತು ಅವಳಿಗೆ.

ಪ್ಲಂಬರ್ ಮೊದಲು ಇಳಿದ. ಹೊಟ್ಟೆಯೊಳಗೆ ಸೇರಿದ ಗಾಳಿಯನ್ನೆಲ್ಲ ಒಂದು ಕೂಗಾಗಿ ಹೊರಬಿಟ್ಟು ಸೀಳಿನಲ್ಲಿ ಮಾಯವಾದ. ಕೆಳಗಿನ ಮಡುವಿನಲ್ಲಿ ತೇಲಿ, ಹುಟ್ಟನ್ನು ನೆಟ್ಟಗೆ ಮೇಲೆತ್ತಿ ತೋರಿಸಿದ.

ಅವಳು ಎಡದಂಡೆಯಿಂದ ಹೊರಟಳು. ನೀರು ಬಲಕ್ಕೆ ಎಳೆಯಿತು, ಅವಳು ಅಷ್ಟೇ ಎಡಕ್ಕೆ ಎಳೆದಳು. ತುಟಿಯಲ್ಲಿ ಹುಟ್ಟು ನೀರನ್ನು ಹಿಡಿಯಿತು, ಉದ್ದವಾಗಿ, ಗಟ್ಟಿಯಾಗಿ. ಕೆಳಗೇನೂ ಇರಲಿಲ್ಲ. ಮೈ ಮಡಿಸಿದಳು. ಬಿದ್ದಳು.

ಬಿದ್ದದ್ದು ಸರಿಯಾಗಿಯೇ. ಆದರೆ ಬುಡದಲ್ಲಿ ಕುದಿಯುವ ನೀರು ಕಯಾಕಿನ ಹಿಂಬದಿಯನ್ನು ಹಿಡಿದು ಒಂದು ಬದಿಗೆ ಎತ್ತಿತು, ಮಗುಚಿಹಾಕಿತು. ಮೇಲಿನ ಸದ್ದೆಲ್ಲ ಒಮ್ಮೆಗೇ ನಿಂತು ಒಳಗಿನ ದಪ್ಪ ಸದ್ದು ಶುರುವಾಯಿತು. ಕತ್ತಲೆ, ತಣ್ಣಗೆ, ಮೂಗಿನಲ್ಲಿ ನೀರು. ಬಲಗೈ ತಾನಾಗಿ ಮೇಲಕ್ಕೆ, ಬೆಳಕಿನತ್ತ, ಚಾಚಲು ಹೊರಟಿತು. ಅದನ್ನು ಅವಳು ಮಗುವಿನ ಕೈ ಹಿಡಿದೆಳೆದಂತೆ ವಾಪಸ್ ಪಕ್ಕೆಗೆ ತಂದಳು. ಎಡಗಡೆಯಿಂದ ಏಳಲು ನೋಡಿದಳು. ಹುಟ್ಟು ನೀರಿಗೆ ಬದಲು ಕಲ್ಲಿಗೆ ಬಡಿಯಿತು. ಗೋಡೆಗೆ ಒತ್ತಿಕೊಂಡಿದ್ದಳು. ಗೋಡೆಯಿರುವಲ್ಲಿ ಏಳುವುದು ಆಗದ ಮಾತು. ಮುಚ್ಚಳ ಕಿತ್ತು ಹೊರಬಿದ್ದರೆ ಅಣ್ಣನ ಹಗ್ಗ ಬರುತ್ತದೆ. ಬಂದೇ ಬರುತ್ತದೆ, ಅವನು ಗುರಿ ತಪ್ಪುವವನಲ್ಲ. ಕೈ ಮುಚ್ಚಳದ ಪಟ್ಟಿಯ ಬಳಿಗೂ ಹೋಯಿತು. ಅಲ್ಲಿಂದ ತೆಗೆದಳು. ಕಾದಳು. ಇಡೀ ವರ್ಷ ಕಾದವಳಿಗೆ ಇನ್ನೊಂದು ಉಸಿರಿನಷ್ಟು ಹೊತ್ತು ಹೆಚ್ಚೇನಲ್ಲ. ನೀರು ತಾನೇ ಅವಳನ್ನು ಗೋಡೆಯಿಂದ ಬಿಡಿಸಿ ಮಡುವಿನ ನಡುವಿಗೆ ತಂದಿತು. ಎಡಗಡೆ ಹುಟ್ಟು ನೀರನ್ನು ಹಿಡಿಯಿತು. ಸೊಂಟ ತಿರುವಿದಳು. ಕಯಾಕು ನೆಟ್ಟಗಾಯಿತು, ಕೊನೆಗೆ ತಲೆ ನೀರಿನಿಂದ ಮೇಲೆ ಬಂತು.

ಮೊದಲು ಕಂಡದ್ದು ಅಣ್ಣ. ಬಂಡೆಯ ಅಂಚಿನಲ್ಲಿ, ಚೀಲ ಹಿಡಿದ ತೋಳು ಹಿಂದಕ್ಕೆ ಎಳೆದುಕೊಂಡು, ಎಸೆಯುವ ಭಂಗಿಯಲ್ಲೇ ಕಲ್ಲಾಗಿದ್ದ. ಎಸೆದಿರಲಿಲ್ಲ. ಕಯಾಕಿನೊಳಗಿರುವವರಿಗೆ ಹಗ್ಗ ಎಸೆಯಬಾರದು, ಸುತ್ತಿಕೊಳ್ಳುತ್ತದೆ. ಅದೂ ಅವನೇ ಹೇಳಿಕೊಟ್ಟದ್ದು. ಅವಳು ನೀರಿನೊಳಗಿದ್ದಷ್ಟು ಹೊತ್ತೂ ಆ ತೋಳನ್ನು ಅವನು ಹೇಗೆ ತಡೆದು ಹಿಡಿದಿದ್ದನೋ.

ತೋಳು ನಿಧಾನ ಇಳಿಯಿತು. ಅವಳು ಕೆಮ್ಮಿದಳು, ಉಗುಳಿದಳು, ಬಂಡೆಯ ಬುಡಕ್ಕೆ ತೇಲಿದಳು.

"ಭುಜ?" ಎಂದ.

ಅವಳು ತೋಳನ್ನು ಒಂದು ಸುತ್ತು ತಿರುಗಿಸಿ ತೋರಿಸಿದಳು. "ಜಾಗದಲ್ಲೇ ಇದೆ."

ಅಣ್ಣ ಬಂಡೆಯ ಮೇಲೆ ಕುಕ್ಕರಿಸಿದ.  ಕೈ ಚಾಚಿ, ಇಲ್ಲೇ ಹತ್ತಿಬಿಡು, ಗೆದ್ದೆಯಲ್ಲ, ಇನ್ನೇನು ಬೇಕು ಎಂದ. ಅವಳಿಗೆ ಆ ಮಾತು ಹಿಡಿಸಲಿಲ್ಲ. ಯಾರನ್ನು ಗೆದ್ದದ್ದು? ಅವನನ್ನು ಗೆಲ್ಲಲು ಅವಳು ಬಂದಿರಲಿಲ್ಲ. ಅವಳಿಗೆ ಬೇಕಾದದ್ದು ಇನ್ನೂ ಮುಂದೆ ಹರಿಯುತ್ತಿತ್ತು. ಬೇರಿನ ತಿರುವು, ಅದರಾಚೆಯ ಕಲ್ಲುಗಳ ಸಾಲು, ಸೇತುವೆಯವರೆಗಿನ ಉಳಿದೆಲ್ಲ. ಮಳೆ ತೆಳುವಾಗಿತ್ತು. ಮಡುವಿನ ಸುತ್ತಲಿನ ಗೋಡೆಯ ಮೇಲೆ, ನೀರಿನಿಂದ ಒಂದು ಬೆರಳು ಮೇಲೆ, ಒದ್ದೆಯ ಗೆರೆಯೊಂದು ಆಗಲೇ ಮೂಡಿತ್ತು.

"ನೀರು ಇಳೀತಿದೆ, ಅಣ್ಣ," ಎಂದಳು. ಚಾಚಿದ ಕೈಯನ್ನು ಒಮ್ಮೆ ಒತ್ತಿ ಹಿಡಿದು, ಬಿಟ್ಟು, ಬಂಡೆಯನ್ನು ಹುಟ್ಟಿನಿಂದ ದೂಡಿದಳು.

ಪ್ಲಂಬರ್ ಆಗಲೇ ಮುಂದಿನ ಕಲ್ಲಿನ ಹಿಂದೆ ನಿಂತು, ಹುಟ್ಟೆತ್ತಿ ಎಡಕ್ಕೆ ತೋರಿಸುತ್ತಿದ್ದ. ಅವಳು ಒಮ್ಮೆ ತಾನೇ ನೋಡಿ ಬಲಕ್ಕೆ ಹೋದಳು. ಹಿಂದೆ ಬಂಡೆಯ ಮೇಲಿಂದ ಅಣ್ಣ ಇನ್ನೂ ಏನೋ ಹೇಳುತ್ತಿದ್ದ. ಬೀಳಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ, ಕೇಳಿಸಿಕೊಳ್ಳಲು ಅವಳು ನಿಲ್ಲಲೂ ಇಲ್ಲ.